ನಿಮ್ಮ ಬೀಗ ಮುರಿಯೋರು ಯಾರು?

ಏಳನೇ ಸೆಮಿಸ್ಟರ್, ಪ್ರಾಜೆಕ್ಟ್ ಸಿನಾಪ್ಸಿಸ್ ಕೊಡುವ ವಾರ. ನಾವು ನಾಲ್ಕು ಜನ ಗೈಡ್ ಮುಂದೆ ನಿಂತು ಜಂಬದಿಂದಲೇ ಹೇಳಿದ್ವಿ: “ಸರ್, ನಮ್ಮದೇ ಹೊಸ ಎನ್‌ಕ್ರಿಪ್ಶನ್ ಅಲ್ಗಾರಿದಮ್ ಮಾಡ್ತೀವಿ.” ಅವರು ಬೈಯಲಿಲ್ಲ, ನಗಲೂ ಇಲ್ಲ. “ಮಾಡ್ರಪ್ಪ, ಬೇಡ ಅನ್ನಲ್ಲ. ಆದ್ರೆ ಅದನ್ನ ಮುರಿಯೋಕೆ ಕೂತ್ಕೊಳ್ಳೋರು ಯಾರು?” ಅಂದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ.

ಗೂಢಲಿಪಿ ಸಂಶೋಧನೆ ಮುಂದೆ ಯಾವ ದಾರಿ ಹಿಡಿಯಬೇಕು ಅನ್ನೋದನ್ನ ಜಗತ್ತು ಹೇಗೆ ತೀರ್ಮಾನಿಸುತ್ತೆ ಅಂತ ನನಗೆ ಅರ್ಥವಾಗಿದ್ದು ಆ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ. ಅದನ್ನೇ ಇಲ್ಲಿ ಹಂಚಿಕೊಳ್ತಿದ್ದೀನಿ.

ಅವಸರ ಯಾಕೆ?

ಬ್ಯಾಂಕ್ ಆ್ಯಪ್, ವಾಟ್ಸಾಪ್, ಈ ಪುಟವನ್ನು ನಿಮ್ಮ ಫೋನಿಗೆ ತಂದ ಸಂಪರ್ಕ ಇವೆಲ್ಲ ಬಹುಕಾಲ ನೆಚ್ಚಿಕೊಂಡಿದ್ದು ಆರ್‌ಎಸ್‌ಎ ಮತ್ತು ಎಲಿಪ್ಟಿಕ್ ಕರ್ವ್ ವಿಧಾನಗಳನ್ನು. 1994ರಲ್ಲಿ ಪೀಟರ್ ಶೋರ್ ಒಂದು ಅಲ್ಗಾರಿದಮ್ ಕೊಟ್ಟರು. ಸಾಕಷ್ಟು ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಸಿಕ್ಕರೆ ಈ ಎರಡೂ ಬೀಗಗಳನ್ನು ಅದು ತೆಗೆದುಬಿಡುತ್ತೆ. ಅಂಥ ಯಂತ್ರ ಇನ್ನೂ ಬಂದಿಲ್ಲ. ಹಾಗಾದ್ರೆ ಬಂದಾಗ ನೋಡಿಕೊಂಡರಾಯ್ತು ಅಲ್ವಾ?

ಆಗಲ್ಲ. ಕೆನಡಾದ ಮಿಶೆಲ್ ಮೋಸ್ಕಾ ಇದಕ್ಕೊಂದು ಸರಳ ಲೆಕ್ಕ ಕೊಟ್ಟಿದ್ದಾರೆ. ನಿಮ್ಮ ಮಾಹಿತಿ ಗುಟ್ಟಾಗಿ ಇರಬೇಕಾದ ವರ್ಷಗಳು ‘ಕ’. ಹಳೆಯ ವ್ಯವಸ್ಥೆ ಬದಲಿಸಲು ಹಿಡಿಯುವ ವರ್ಷಗಳು ‘ಖ’. ಆ ಯಂತ್ರ ಬರಲು ಉಳಿದಿರುವ ವರ್ಷಗಳು ‘ಗ’. ಕ + ಖ > ಗ ಆಗಿದ್ದರೆ ನೀವು ಈಗಾಗಲೇ ತಡ ಮಾಡಿದ್ದೀರಿ. ಒಂದು ಆಸ್ಪತ್ರೆ ರೋಗಿಗಳ ದಾಖಲೆಯನ್ನು 25 ವರ್ಷ ಕಾಪಾಡಬೇಕು, ಸಾಫ್ಟ್‌ವೇರ್ ಬದಲಿಸಲು 8 ವರ್ಷ ಬೇಕು ಅಂದುಕೊಳ್ಳಿ. ಒಟ್ಟು 33. ಆ ಯಂತ್ರ 30 ವರ್ಷಕ್ಕೆ ಬಂದರೂ ಲೆಕ್ಕ ತಪ್ಪಿತು. ಯಾಕೆಂದರೆ ಇವತ್ತು ತಂತಿಯಲ್ಲಿ ಹರಿಯುವ ಡೇಟಾವನ್ನು ಕದ್ದು ಇಟ್ಟುಕೊಂಡು ಮುಂದೆ ಬಿಡಿಸೋಕೆ ಯಾರ ಅಡ್ಡಿಯೂ ಇಲ್ಲ.

ಊರ ಮುಂದೆ ಇಟ್ಟು ಪರೀಕ್ಷೆ

ಹೊಸ ಬೀಗ ಬೇಕು, ಸರಿ. ಆರಿಸೋದು ಹೇಗೆ? ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಇದಕ್ಕೆ ಮೊದಲೇ ಒಂದು ದಾರಿ ಹಾಕಿತ್ತು. 1997ರಲ್ಲಿ ಹಳೆಯ ಡಿಇಎಸ್‌ಗೆ ಬದಲಿ ಬೇಕಾದಾಗ ಅದು ಜಗತ್ತಿಗೇ ಆಹ್ವಾನ ಕೊಟ್ಟಿತು. ಸ್ಪರ್ಧೆಗೆ 15 ವಿನ್ಯಾಸಗಳು ಬಂದವು. ಒಬ್ಬರದನ್ನು ಇನ್ನೊಬ್ಬರು ಮುರಿಯಲು ನೋಡಿದರು. ಕೊನೆಗೆ ಬೆಲ್ಜಿಯಂನ ಯೋನ್ ಡೇಮೆನ್ ಮತ್ತು ವಿನ್ಸೆಂಟ್ ರೈಮೆನ್ ಅವರ ವಿನ್ಯಾಸ ಗೆದ್ದಿತು. ನಾವು ಲ್ಯಾಬಿನಲ್ಲಿ ಬರೆಯುವ ಎಇಎಸ್ ಅದೇ.

2016ರ ಡಿಸೆಂಬರ್‌ನಲ್ಲಿ ಮತ್ತೆ ಅಂಥದ್ದೇ ಕರೆ, ಈ ಸಲ ಕ್ವಾಂಟಮ್ ದಾಳಿ ತಡೆಯುವ ಬೀಗಗಳಿಗೆ. 82 ಅರ್ಜಿ ಬಂದವು, 69 ಮೊದಲ ಸುತ್ತಿಗೆ ಸೇರಿದವು. ಸೇರಬೇಕಾದರೆ ವಿವರಣೆ, ಕೋಡ್, ತಮಗೇ ಗೊತ್ತಿರುವ ದಾಳಿಗಳ ವಿಶ್ಲೇಷಣೆ ಎಲ್ಲವನ್ನೂ ಬಹಿರಂಗವಾಗಿ ಇಡಬೇಕಿತ್ತು. ಗುಟ್ಟಿರಬೇಕಾದ್ದು ಕೀ ಮಾತ್ರ, ವಿಧಾನ ಅಲ್ಲ. ಎರಡನೇ ಯೂನಿಟ್‌ನಲ್ಲಿ ಬಾಯಿಪಾಠ ಮಾಡುವ ಕೆರ್ಕ್‌ಹಾಫ್ಸ್ ತತ್ವ ಇಲ್ಲಿ ಕಣ್ಣಿಗೆ ಕಾಣುತ್ತೆ.

ಕೊನೇ ಸುತ್ತಿನಲ್ಲಿ ಬಿದ್ದವರು

ನನಗೆ ಇಡೀ ಕತೆಯಲ್ಲಿ ಹೆಚ್ಚು ನಾಟಿದ್ದು ಈ ಭಾಗ. ‘ರೇನ್‌ಬೋ’ ಎಂಬ ಸಹಿ ವಿಧಾನ ಹುಟ್ಟಿದ್ದು 2005ರಲ್ಲಿ. ಮೂರನೇ ಸುತ್ತಿನಲ್ಲಿ ಅದು ಫೈನಲಿಸ್ಟ್. 2022ರ ಆರಂಭದಲ್ಲಿ ವಾರ್ಡ್ ಬ್ಯೂಲೆನ್ಸ್ ಎಂಬ ಸಂಶೋಧಕ ಅದರ ಮೊದಲ ಮಟ್ಟದ ಕೀಯನ್ನು ಒಂದು ಲ್ಯಾಪ್‌ಟಾಪ್‌ನಲ್ಲಿ, ಒಂದು ವಾರಾಂತ್ಯದಷ್ಟು ಹೊತ್ತಿನಲ್ಲಿ ಮುರಿದು ತೋರಿಸಿದರು.

ಅದೇ ವರ್ಷ ಜುಲೈ ಕೊನೆಗೆ ‘ಸೈಕ್’ ಸರದಿ. ಅದರ ಮೂಲ ಯೋಚನೆ 2011ರದ್ದು. ಕೀ ಬಹಳ ಚಿಕ್ಕದು ಅಂತ ಎಲ್ಲರಿಗೂ ಅದರ ಮೇಲೆ ಪ್ರೀತಿ. ನಿಸ್ಟ್ ಅದನ್ನು ನಾಲ್ಕನೇ ಸುತ್ತಿಗೆ ಆಗಷ್ಟೇ ಕಳಿಸಿತ್ತು. ಬೆಲ್ಜಿಯಂನ ವೌಟರ್ ಕಾಸ್ಟ್ರಿಕ್ ಮತ್ತು ಥಾಮಸ್ ಡೆಕ್ರು ಅದರ ಅತಿ ಚಿಕ್ಕ ಆವೃತ್ತಿಯನ್ನು ಪ್ರೊಸೆಸರ್‌ನ ಒಂದೇ ಕೋರ್ ಬಳಸಿ ಸುಮಾರು ಒಂದು ಗಂಟೆಯಲ್ಲಿ ಬಿಡಿಸಿದರು. ಬೇಕಾದದ್ದು ಕ್ವಾಂಟಮ್ ಯಂತ್ರವಲ್ಲ, ಎರ್ನ್ಸ್ಟ್ ಕಾನಿ ಎಂಬ ಗಣಿತಜ್ಞ 1997ರಲ್ಲಿ ಬರೆದಿದ್ದ ಒಂದು ಪ್ರಮೇಯ. ಆ ಗಣಿತ ಪುಸ್ತಕದಲ್ಲೇ ಇತ್ತು, ಗೂಢಲಿಪಿಯವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೆ.

ಇದನ್ನು ಸೋಲು ಅನ್ನಬೇಕಾ? ಸೈಕ್ ನಮ್ಮ ಫೋನುಗಳಿಗೆಲ್ಲ ಇಳಿದ ಮೇಲೆ ಮುರಿದಿದ್ದರೆ ಅದು ಅನಾಹುತ. ಸ್ಪರ್ಧೆಯೊಳಗೇ ಮುರಿದದ್ದು ಸ್ಪರ್ಧೆ ಸರಿಯಾಗಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ. ಮುರಿದವರೂ ಕಟ್ಟಿದವರಷ್ಟೇ ಕೆಲಸ ಮಾಡಿದ್ದಾರೆ.

ಎಲ್ಲಾ ಒಂದೇ ಗಂಟಿನಲ್ಲಿ ಬೇಡ

2024ರ ಆಗಸ್ಟ್‌ನಲ್ಲಿ ಮೊದಲ ಮೂರು ಮಾನಕಗಳು ಹೊರಬಂದವು. ಕೀ ಹಂಚಿಕೊಳ್ಳಲು ‘ಕೈಬರ್’ ಮೂಲದ ಎಂಎಲ್-ಕೆಇಎಂ, ಸಹಿಗೆ ‘ಡೈಲಿಥಿಯಂ’ ಮೂಲದ ಎಂಎಲ್-ಡಿಎಸ್‌ಎ. ಇವೆರಡೂ ಲ್ಯಾಟಿಸ್ ಗಣಿತದ ಮೇಲೆ ನಿಂತಿವೆ. ಮೂರನೆಯದು ಎಸ್‌ಎಲ್‌ಎಚ್-ಡಿಎಸ್‌ಎ. ಅದರ ಸಹಿ ದೊಡ್ಡದು, ನಿಧಾನ. ಆದರೂ ಇಟ್ಟುಕೊಂಡರು. ಅದು ಹ್ಯಾಶ್ ಫಂಕ್ಷನ್ ಒಂದನ್ನೇ ನಂಬುತ್ತೆ, ನಾಳೆ ಲ್ಯಾಟಿಸ್ ಕುಸಿದರೂ ಅದು ನಿಲ್ಲುತ್ತೆ.

ಈ ಭಯ ಸುಮ್ಮನೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಯಿಲೇ ಚೆನ್ ಎಂಬ ಸಂಶೋಧಕರ ಒಂದು ಪ್ರಬಂಧ ಲ್ಯಾಟಿಸ್ ಸಮಸ್ಯೆಗೇ ಕ್ವಾಂಟಮ್ ಪರಿಹಾರ ಸಿಕ್ಕಿತು ಅಂದಿತು. ಜಗತ್ತಿನ ತಜ್ಞರು ಊಟ ನಿದ್ದೆ ಬಿಟ್ಟು ಓದಿದರು. ಸುಮಾರು ಎಂಟು ದಿನದಲ್ಲಿ ಇಬ್ಬರು ಬೇರೆಬೇರೆಯಾಗಿ ಅದರಲ್ಲೊಂದು ತಪ್ಪು ಹಿಡಿದರು. ಚೆನ್ ಅವರೇ ಅದನ್ನು ಒಪ್ಪಿ ಪ್ರಬಂಧದಲ್ಲಿ ಬರೆದರು. ಮುಂದೆ 2025ರ ಮಾರ್ಚ್‌ನಲ್ಲಿ ನಿಸ್ಟ್ ‘ಎಚ್‌ಕ್ಯೂಸಿ’ಯನ್ನು ಕೈಬರ್‌ಗೆ ಬ್ಯಾಕಪ್ ಆಗಿ ಆರಿಸಿತು. ಅದರ ಆಧಾರ ಎರರ್ ಕರೆಕ್ಟಿಂಗ್ ಕೋಡ್, ಲ್ಯಾಟಿಸ್ ಅಲ್ಲ. ಹೊಸ ಸಹಿ ವಿಧಾನಗಳಿಗೂ ಬೇರೆ ಕರೆ ಕೊಟ್ಟು, 40 ಅರ್ಜಿಗಳಲ್ಲಿ 14ನ್ನು ಎರಡನೇ ಸುತ್ತಿಗೆ ತೆಗೆದುಕೊಂಡರು.

ಯೋಜನೆ ಅಂದ್ರೆ ಇಷ್ಟೇ: ಯಾವುದು ಗೆಲ್ಲುತ್ತೆ ಅಂತ ಭವಿಷ್ಯ ಹೇಳೋದಲ್ಲ. ಒಂದು ಬಿದ್ದರೆ ಇನ್ನೊಂದು ಕೈಯಲ್ಲಿರುವ ಹಾಗೆ ಕೆಲಸ ಹಂಚಿಕೊಳ್ಳೋದು.

ನಮಗೆ ಏನು ಕೆಲಸ?

ಗಣಿತ ನಮ್ಮಿಂದಾಗಲ್ಲ ಅಂತ ಕೂರಬೇಡಿ. ಎಂಜಿನಿಯರ್‌ಗಳಿಗೆ ಇಲ್ಲಿ ಬೇಕಾದಷ್ಟು ಕೆಲಸ ಬಾಕಿ ಇದೆ.

ಒಂದು, ಗಾತ್ರ. ಎಲಿಪ್ಟಿಕ್ ಕರ್ವ್‌ನ ಎಕ್ಸ್25519 ಕೀ 32 ಬೈಟ್. ಎಂಎಲ್-ಕೆಇಎಂ-768ರ ಪಬ್ಲಿಕ್ ಕೀ 1184 ಬೈಟ್. ಲೋರಾ ರೇಡಿಯೋದ ಒಂದು ಪ್ಯಾಕೆಟ್‌ನಲ್ಲಿ ಹೆಚ್ಚೆಂದರೆ 255 ಬೈಟ್ ಹೋಗುತ್ತೆ. ಮೊದಲು ಒಂದು ಪ್ಯಾಕೆಟ್ ಸಾಕಿತ್ತು, ಈಗ ಐದು ಬೇಕು. ತೋಟದಲ್ಲಿ ಬ್ಯಾಟರಿ ಮೇಲೆ ನಡೆಯುವ ಸೆನ್ಸರ್‌ಗೆ ಇದು ದೊಡ್ಡ ಹೊರೆ.

ಎರಡು, ಕೋಡ್. 2023ರ ಕೊನೆಗೆ ಬಯಲಾದ ‘ಕೈಬರ್‌ಸ್ಲ್ಯಾಶ್’ ದೋಷ ನೋಡಿ. ಗಣಿತದಲ್ಲಿ ಏನೂ ತಪ್ಪಿರಲಿಲ್ಲ. ಕೋಡ್‌ನಲ್ಲಿ ಗುಟ್ಟಿನ ಸಂಖ್ಯೆಯನ್ನು ಭಾಗಿಸುವ ಒಂದು ಸಾಲಿತ್ತು. ಕೆಲವು ಪ್ರೊಸೆಸರ್‌ಗಳಲ್ಲಿ ಭಾಗಾಕಾರಕ್ಕೆ ಹಿಡಿಯುವ ಸಮಯ ಸಂಖ್ಯೆಗೆ ತಕ್ಕಂತೆ ಬದಲಾಗುತ್ತೆ. ಆ ಸಮಯ ಅಳೆದೇ ಕೀ ಕಂಡುಹಿಡಿಯಬಹುದಿತ್ತು.

ಮೂರು, ಬದಲಾವಣೆ. ಹಳೆಯದನ್ನೂ ಹೊಸದನ್ನೂ ಜೋಡಿಸಿ ಓಡಿಸೋದು, ನಾಳೆ ಒಂದು ಮುರಿದರೆ ಇಡೀ ವ್ಯವಸ್ಥೆ ಬಿಚ್ಚದೆ ಇನ್ನೊಂದನ್ನು ಕೂರಿಸೋದು.

ಓದಲು ದುಡ್ಡು ಬೇಕಿಲ್ಲ. ಅಂತರರಾಷ್ಟ್ರೀಯ ಗೂಢಲಿಪಿ ಸಂಶೋಧನಾ ಸಂಘದ ಇ-ಪ್ರಿಂಟ್ ಸಂಗ್ರಹ ಎಲ್ಲರಿಗೂ ಉಚಿತ. ಅದೇ ಸಂಘದ ಏಷ್ಯಾಕ್ರಿಪ್ಟ್ ಸಮ್ಮೇಳನ 2013ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಈ ಲೋಕ ನಾವಂದುಕೊಂಡಷ್ಟು ದೂರ ಇಲ್ಲ.

ನಮ್ಮ ಪ್ರಾಜೆಕ್ಟ್ ಏನಾಯ್ತು ಅಂತೀರಾ? ಸಿನಾಪ್ಸಿಸ್ ಬದಲಿಸಿದ್ವಿ. ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಮೇಲೆ ಕೈಬರ್ ಓಡಿಸಿ ಎಷ್ಟು ಹೊತ್ತು, ಎಷ್ಟು ಮೆಮೊರಿ ಹಿಡಿಯುತ್ತೆ ಅಂತ ಅಳೆದ್ವಿ. ಹೊಸದೇನೂ ಕಂಡುಹಿಡಿಯಲಿಲ್ಲ, ಆದರೆ ವೈವಾದಲ್ಲಿ ಕೇಳಿದ ಒಂದೊಂದು ಅಂಕಿಗೂ ನಮ್ಮ ಹತ್ತಿರ ಉತ್ತರವಿತ್ತು.

ನಿಮಗೊಂದು ಅಭ್ಯಾಸ: ಎಂಎಲ್-ಡಿಎಸ್‌ಎ-44ರ ಸಹಿ 2420 ಬೈಟ್. ಹೆಡರ್ ಲೆಕ್ಕಕ್ಕೆ ತಗೊಳ್ಳದೆ, ಅದನ್ನು ಕಳಿಸಲು ಎಷ್ಟು ಲೋರಾ ಪ್ಯಾಕೆಟ್ ಬೇಕು? ಆಮೇಲೆ ನಮ್ಮ ಕಾಲೇಜಿನ ಅಂಕಪಟ್ಟಿ ದಾಖಲೆಗಳಿಗೆ ‘ಕ’ ಮತ್ತು ‘ಖ’ ಎಷ್ಟಿರಬಹುದು ಅಂತ ನೀವೇ ಕೂಡಿ ನೋಡಿ. ಮೊದಲನೆಯದರ ಉತ್ತರ ಹತ್ತು. ಎರಡನೆಯದನ್ನು ನಿಮ್ಮ ಪಕ್ಕದವರ ಜೊತೆ ಕೂತು ವಾದ ಮಾಡಿ ತೀರ್ಮಾನಿಸಿ.