ಪೊಲೀಸರಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ

ಪ್ರಶ್ನೆ: ಮಗಳು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ಹೋದ ತಿಂಗಳು ಸಿಟ್ಟಿನಲ್ಲಿ ಒಂದಷ್ಟನ್ನು ಒಟ್ಟಿಗೆ ನುಂಗಿಬಿಟ್ಟಳು. ಕೇಸಾಗುತ್ತದೆಂದು ಹೆದರಿ ಉಪ್ಪುನೀರು ಕುಡಿಸಿ, ವಾಂತಿ ಮಾಡಿಸಿ ಮಲಗಿಸಿದೆವು. ಬೆಳಿಗ್ಗೆ ಸರಿಹೋದಳು. ಈಗ ಮಾತ್ರೆಯೇ ಬೇಡ ಅಂತಾರೆ ನಮ್ಮ ಯಜಮಾನರು. ಏನು ಮಾಡಲಿ?
– ಒಬ್ಬ ತಾಯಿ, ಪಾವಗಡ ತಾಲ್ಲೂಕು

ಉತ್ತರ: ಮಗಳು ಉಳಿದಳಲ್ಲ ತಾಯಿ, ಅದೇ ದೊಡ್ಡದು. ಆದರೆ ಉಳಿಸಿದ್ದು ಉಪ್ಪುನೀರಲ್ಲ. ಮಂಪರಿನಲ್ಲಿದ್ದವರಿಗೆ ವಾಂತಿ ಮಾಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಉಪ್ಪು ಹೆಚ್ಚಾದರೆ ಅದೂ ಅಪಾಯವೇ. ಮಧುಗಿರಿ, ಶಿರಾ, ಕೊರಟಗೆರೆ, ಎಲ್ಲಿಯವರಾದರೂ ಈ ಮನೆಮದ್ದನ್ನು ಬಿಡಬೇಕು.

ಈ ಮಾತ್ರೆಗಳ ಮೋಸವೇನೆಂದರೆ, ಮೊದಲ ಒಂದೆರಡು ಗಂಟೆ ಮನುಷ್ಯ ಚೆನ್ನಾಗಿಯೇ ಕಾಣಬಹುದು. ಆಮೇಲೆ ನಡುಕ, ಬೆವರು, ಜ್ವರ, ಫಿಟ್ಸ್; ಕೆಲವು ಬಗೆಯವು ಹೃದಯದ ಬಡಿತವನ್ನೇ ಕೆಡಿಸುತ್ತವೆ. ಇಸಿಜಿ ನೋಡದೆ ಅದು ಗೊತ್ತಾಗುವುದಿಲ್ಲ. ಅಗತ್ಯ ಕಂಡರೆ ವೈದ್ಯರು ಬೇಗ ಬಂದವರಿಗೆ ಇದ್ದಿಲಿನ ಪುಡಿ ಕುಡಿಸುತ್ತಾರೆ, ಬಡಿತ ಕೆಟ್ಟಿದ್ದರೆ ನರಕ್ಕೆ ಸೋಡಿಯಂ ಬೈಕಾರ್ಬೊನೇಟ್ ಕೊಡುತ್ತಾರೆ, ಗಂಟೆಗಟ್ಟಲೆ ಕಣ್ಣಿಟ್ಟು ಕಾಯುತ್ತಾರೆ. ಮನೆಯಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: 108ಕ್ಕೆ ಫೋನು, ಮಂಪರಿದ್ದರೆ ಎಡಮಗ್ಗುಲಿಗೆ ಮಲಗಿಸುವುದು, ಬಾಯಿಗೆ ಏನೂ ಹಾಕದಿರುವುದು. ಮಾತ್ರೆಯ ಖಾಲಿ ಪಟ್ಟಿ ಜೊತೆಗೇ ಹೋಗಲಿ. ನಿಮ್ಮ ತಾಲ್ಲೂಕಿಗೆ ಮೂರು ಕಡೆಯೂ ಆಂಧ್ರ, ತುಮಕೂರೋ ದೂರ. ಪಾವಗಡವೋ ಮಡಕಶಿರಾವೋ, ಯಾವ ಆಸ್ಪತ್ರೆ ಹತ್ತಿರವೋ ಅಲ್ಲಿಗೇ ಓಡಿ.

ಇನ್ನು ಕೇಸಿನ ಭಯ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬಹುದು, ಅವರು ಬಂದು ಕೇಳಲೂಬಹುದು. ಆದರೆ ಚಿಕಿತ್ಸೆ ಮೊದಲು, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ತಿಳಿಯಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಆತ್ಮಹತ್ಯೆ ಯತ್ನಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು 2024ರ ಜುಲೈ 1ರಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಇಲ್ಲ. ನಿಮ್ಮ ಮಗಳು ಅಪರಾಧಿಯಲ್ಲ ತಾಯಿ, ನೊಂದವಳು.

ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬರಬಹುದು, ಕಾಯಿಲೆಯೂ ಮರುಕಳಿಸಬಹುದು. ಆ ರಾತ್ರಿಯ ಸಂಗತಿಯನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ, ವಾರಕ್ಕಾಗುವಷ್ಟೇ ಬರೆದುಕೊಡಿ ಎಂದು ಕೇಳಿ. ಮಾತ್ರೆ ನಿಮ್ಮ ಬೀಗದಲ್ಲಿರಲಿ, ಬೆಳೆಗೆ ಹೊಡೆಯುವ ಔಷಧಿಯೂ ಅಷ್ಟೇ.

‘ಸಾಯಬೇಕು ಅನ್ನಿಸುತ್ತಾ ಮಗಳೇ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಅಂಜಿಕೆ ಬೇಡ. ಹೇಳಿಕೊಳ್ಳಲು ಅವಳಿಗೊಂದು ದಾರಿ ಸಿಗುತ್ತದೆ. ಟೆಲಿ ಮನಸ್ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ವೈದ್ಯರ ಭೇಟಿ ಮುಂದಕ್ಕೆ ಹಾಕದೆ ಈ ವಾರವೇ ಆಗಲಿ. ಯಜಮಾನರನ್ನೂ ಕರೆದುಕೊಂಡು ಹೋಗಿ.