ಗಿರಿಗಾಮಿ ವಿದ್ಯುತ್ ಸೈಕಲ್: ಹೊಂದಿಕೆ ಮತ್ತು ಪಾಲನೆ

ಯಂತ್ರವು ಮನುಷ್ಯನ ಬಲವನ್ನು ಹೆಚ್ಚಿಸುವುದೆಂಬುದು ಸರ್ವವಿದಿತ. ಆದರೆ ಹಾಗೆ ಹೆಚ್ಚಿದ ಬಲವು ಯಂತ್ರದ ದೋಷಗಳನ್ನು ಮರೆಮಾಡಬಲ್ಲುದೆಂಬುದನ್ನು ಅರಿತವರು ವಿರಳ. ಬೆಟ್ಟದ ಕಾಲುದಾರಿಗಳಲ್ಲಿ ಸಂಚರಿಸುವ ವಿದ್ಯುತ್ ಸೈಕಲ್ ಈ ಮಾತಿಗೆ ತಕ್ಕ ನಿದರ್ಶನವಾಗಿದೆ. ಇದನ್ನು 'ವಿದ್ಯುದ್ದ್ವಿಚಕ್ರಿಕೆ' ಎಂದು ಕರೆಯಲು ಪಂಡಿತನಿಗೆ ಕಷ್ಟವೇನಿಲ್ಲ. ಆದರೂ ಸೈಕಲ್, ಚೈನು, ಬ್ರೇಕು ಎಂಬ ಮಾತುಗಳು ನಮ್ಮ ಹಳ್ಳಿಯ ಮಕ್ಕಳ ನಾಲಗೆಯಲ್ಲಿ ನೆಲೆಗೊಂಡಿರುವುದರಿಂದ ಅವನ್ನೇ ಇಲ್ಲಿ ಬಳಸಿದ್ದೇನೆ.

ಪೂರ್ವವೃತ್ತಾಂತ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತದಲ್ಲಿ ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ ಮೊದಲಾದ ತರುಣರು 1970ರ ದಶಕದಲ್ಲಿ ದಪ್ಪ ಟಯರಿನ ಹಳೆಯ ಸೈಕಲ್‌ಗಳನ್ನೇರಿ ಬೆಟ್ಟವಿಳಿಯುತ್ತಿದ್ದರು. 1976ರಲ್ಲಿ ಅವರು ಪಂದ್ಯವನ್ನಾರಂಭಿಸಿದ ಕಡಿದಾದ ಮಣ್ಣುದಾರಿಗೆ 'ರಿಪ್ಯಾಕ್' ಎಂದು ಹೆಸರಾಯಿತು. 'ಮರಳಿ ತುಂಬು' ಎಂದು ಅದರರ್ಥ. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಅಂದಿನ ಬ್ರೇಕು ಆ ಇಳಿಜಾರಿನಲ್ಲಿ ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ಬಳಿಕ ಅದನ್ನು ಬಿಚ್ಚಿ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಗಿರಿಗಾಮಿ ಸೈಕಲ್ಲಿನ ತವರುದಾರಿಯ ಹೆಸರಿನಲ್ಲಿಯೇ ಪಾಲನೆಯ ಪಾಠ ಅಡಗಿರುವುದು ಗಮನಾರ್ಹ. ಮುಂದೆ 1993ರಲ್ಲಿ ಜಪಾನಿನ ಯಮಹಾ ಸಂಸ್ಥೆ ಪೆಡಲು ತುಳಿದಾಗ ಮೋಟಾರು ನೆರವಾಗುವ ಸೈಕಲನ್ನು ಮಾರುಕಟ್ಟೆಗೆ ತಂದಿತು. ಈ ಎರಡು ಧಾರೆಗಳ ಸಂಗಮವೇ ನಮ್ಮ ಪ್ರಸ್ತುತ ವಿಷಯ.

ಯಂತ್ರದ ಸ್ವಭಾವ

ಈ ಬಗೆಯ ಬಹುತೇಕ ಸೈಕಲ್‌ಗಳಲ್ಲಿ ಮೋಟಾರು ಎರಡು ಪೆಡಲುಗಳ ನಡುವೆ ಇರುತ್ತದೆ. ಸವಾರನು ಎಷ್ಟು ಒತ್ತಿ ತುಳಿಯುತ್ತಿರುವನೆಂಬುದನ್ನು ಒಂದು ಸಂವೇದಕವು ಅಳೆದು, ಅದಕ್ಕೆ ತಕ್ಕ ನೆರವನ್ನು ಮೋಟಾರಿನಿಂದ ಕೊಡಿಸುತ್ತದೆ. ಯೂರೋಪಿನ ನಿಯಮದಂತೆ ಮೋಟಾರಿನ ನಿರಂತರ ಶಕ್ತಿ 250 ವಾಟ್ ಮೀರಕೂಡದು. ಗಂಟೆಗೆ 25 ಕಿ.ಮೀ. ವೇಗದಲ್ಲಿ ನೆರವು ನಿಲ್ಲಬೇಕು.

ನಾನು ವಿದ್ಯಾರ್ಥಿಯಾಗಿದ್ದಾಗ ತುಳಿಯುತ್ತಿದ್ದ ಸಾಮಾನ್ಯ ಸೈಕಲ್ ತನ್ನ ಕಷ್ಟವನ್ನು ತಾನೇ ಹೇಳಿಕೊಳ್ಳುತ್ತಿತ್ತು. ಚೈನು ಒಣಗಿದರೆ, ಗಾಳಿ ಇಳಿದರೆ, ಬ್ರೇಕು ಚಕ್ರಕ್ಕೆ ತಗುಲಿದರೆ ಅದು ಮೊದಲು ತಿಳಿಯುತ್ತಿದ್ದುದು ಮೊಣಕಾಲಿಗೆ. ವಿದ್ಯುತ್ ಸೈಕಲ್ಲಿನಲ್ಲಿ ಆ ಭಾರವನ್ನು ಮೋಟಾರು ಮೌನವಾಗಿ ಹೊರುತ್ತದೆ. ಸವಾರನಿಗೆ ಎಲ್ಲವೂ ಸುಖವಾಗಿಯೇ ಕಾಣುತ್ತದೆ. ಆದುದರಿಂದ ಕಾಲು ತಿಳಿಸದಿರುವುದನ್ನು ಅಳತೆಯಿಂದ ತಿಳಿಯಬೇಕು. ಈ ಲೇಖನದ ಸಾರವೇ ಇದು.

ಹೊಂದಿಕೆ

ಮೊದಲನೆಯದು ಶಾಕ್ ಅಬ್ಸಾರ್ಬರ್. ಸವಾರನು ತನ್ನ ಎಲ್ಲ ಉಡುಗೆತೊಡುಗೆಗಳೊಡನೆ ಪೆಡಲುಗಳ ಮೇಲೆ ನಿಂತಾಗ ಅದು ಸ್ವಲ್ಪ ಕುಗ್ಗಬೇಕು. ಮುಂದಿನ ಫೋರ್ಕು ತನ್ನ ಒಟ್ಟು ಚಲನೆಯಲ್ಲಿ ಸುಮಾರು ಶೇಕಡಾ 20ರಷ್ಟು, ಹಿಂದಿನದು ಶೇಕಡಾ 25ರಿಂದ 30ರಷ್ಟು ಕುಗ್ಗುವುದು ಸಾಮಾನ್ಯ ಕ್ರಮ. ಫೋರ್ಕಿನ ಚಲನೆ 160 ಮಿ.ಮೀ. ಇದ್ದರೆ 32 ಮಿ.ಮೀ. ಕುಗ್ಗಬೇಕೆಂದಾಯಿತು. ಕೊಳವೆಯ ಮೇಲಿನ ರಬ್ಬರ್ ಉಂಗುರವನ್ನು ಕೆಳಕ್ಕೆ ಸರಿಸಿಟ್ಟು, ಮೆಲ್ಲನೆ ಏರಿ ನಿಂತು, ಮೆಲ್ಲನೆ ಇಳಿದರೆ ಉಂಗುರವೇ ಲೆಕ್ಕವನ್ನು ತೋರಿಸುತ್ತದೆ. ಹೆಚ್ಚು ಕುಗ್ಗಿದರೆ ಗಾಳಿ ಸೇರಿಸಬೇಕು, ಕಡಿಮೆಯಾದರೆ ಬಿಡಬೇಕು. ಇದಕ್ಕೆ ಪ್ರತ್ಯೇಕವಾದ ಪಂಪು ಉಂಟು; ಟಯರಿನ ಪಂಪು ಸಲ್ಲದು.

ಟಯರಿನ ಗಾಳಿ 22ರಿಂದ 29 ಪೌಂಡಿನವರೆಗೆ ಸಾಕು. ಸವಾರನ ತೂಕಕ್ಕೆ ತಕ್ಕಂತೆ ನಿಶ್ಚಯಿಸಿ, ಹಿಂದಿನದರಲ್ಲಿ ತುಸು ಹೆಚ್ಚಿರಿಸಬೇಕು. ಹ್ಯಾಂಡಲಿನ ಬೋಲ್ಟುಗಳನ್ನು ತೋಳ್ಬಲದಿಂದ ಬಿಗಿಯದೆ, ಅವುಗಳ ಬಳಿ ನಮೂದಿಸಿರುವ ಅಳತೆಗೆ ಅಳತೆಯ ಪಾನಾದಿಂದ ಬಿಗಿಯುವುದು ವಿಹಿತ.

ಬ್ರೇಕು

ಸಾಮಾನ್ಯ ಗಿರಿಗಾಮಿ ಸೈಕಲ್ 13ರಿಂದ 15 ಕಿಲೋ ತೂಗಿದರೆ, ವಿದ್ಯುತ್ ಸೈಕಲ್ 22ರಿಂದ 25 ಕಿಲೋ ತೂಗುವುದುಂಟು. ಏರುವಾಗ ಮೋಟಾರಿನ ನೆರವುಂಟು; ಇಳಿಯುವಾಗ ಬ್ರೇಕೊಂದೇ ಗತಿ. ಹೊಸ ಬ್ರೇಕು ಹಾಕಿದೊಡನೆ ಬೆಟ್ಟವಿಳಿಯುವುದು ಅವಿವೇಕ. ಸಮತಟ್ಟಾದ ನೆಲದಲ್ಲಿ ಮಿತವೇಗದಿಂದ ನಡಿಗೆಯ ವೇಗಕ್ಕೆ ಸುಮಾರು ಇಪ್ಪತ್ತು ಬಾರಿ ಇಳಿಸಿ, ಪ್ಯಾಡನ್ನೂ ತಟ್ಟೆಯನ್ನೂ ಪರಸ್ಪರ ಒಗ್ಗಿಸಬೇಕು. ತಟ್ಟೆಗೆ ಎಣ್ಣೆಯ ಬೆರಳು ಸೋಕಕೂಡದು. ಪ್ಯಾಡಿನ ಉಜ್ಜುವ ಪದರ 1 ಮಿ.ಮೀ.ಗೆ ಇಳಿದರೆ ಬದಲಿಸುವುದು ಕ್ಷೇಮ. ಕೆಲವು ಬ್ರೇಕುಗಳಿಗೆ ಖನಿಜತೈಲ, ಕೆಲವಕ್ಕೆ ಡಾಟ್ ದ್ರವ. ಒಂದರಲ್ಲಿ ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರು ಕೆಡುವುದು. ಹಿಡಿಕೆಯು ಮೆದುವಾಗಿ ಹ್ಯಾಂಡಲನ್ನು ಮುಟ್ಟುವಂತಾದರೆ ನಳಿಕೆಯಲ್ಲಿ ಗಾಳಿ ಸೇರಿರಬಹುದು. ಅಂದು ಸವಾರಿ ಬೇಡ.

ಚೈನು

ಮೋಟಾರಿನ ಬಲವೆಲ್ಲ ಚಕ್ರವನ್ನು ಸೇರುವುದು ಚೈನಿನ ಮೂಲಕ. ಚೈನು ಎಳೆದು ಉದ್ದವಾಗುವುದೆಂದು ಜನ ಭಾವಿಸುತ್ತಾರೆ. ವಸ್ತುತಃ ಕೊಂಡಿಯ ಕೀಲುಗಳು ಸವೆದು ಸಡಿಲಗೊಳ್ಳುತ್ತವೆ. ಹೊಸ ಚೈನಿನ 24 ಕೊಂಡಿಗಳು ಒಟ್ಟು 304.8 ಮಿ.ಮೀ. ಉದ್ದವಿರುತ್ತವೆ. ಅದು 306.3 ಮಿ.ಮೀ. ಆದರೆ ಶೇಕಡಾ ಅರ್ಧದಷ್ಟು ಸವೆದಂತಾಯಿತು. ಹನ್ನೊಂದು, ಹನ್ನೆರಡು ಗೇರುಗಳ ಸೈಕಲ್ಲಿನಲ್ಲಿ ಆಗಲೇ ಚೈನು ಬದಲಿಸಬೇಕು. ಅಲ್ಪವೆಂದು ಉಪೇಕ್ಷಿಸಿದರೆ ಬೆಲೆಬಾಳುವ ಹಲ್ಲುಚಕ್ರಗಳೂ ಸವೆಯುವುವು. ಗೇರು ಬದಲಿಸುವಾಗ ಕ್ಷಣಕಾಲ ತುಳಿತವನ್ನು ಸಡಿಲಿಸುವ ಅಭ್ಯಾಸ ಚೈನಿನ ಆಯುಷ್ಯವನ್ನು ಹೆಚ್ಚಿಸುತ್ತದೆ.

ಬ್ಯಾಟರಿ ಮತ್ತು ವಿದ್ಯುದಂಗಗಳು

ಲಿಥಿಯಂ ಬ್ಯಾಟರಿ ಅತಿಯಾದ ಬಿಸಿಯನ್ನೂ ಅತಿಯಾದ ಚಳಿಯನ್ನೂ ಸಹಿಸದು. ಬಹುದಿನ ಬಳಸದಿದ್ದರೆ ತುಂಬಿಸಿಯೂ ಬರಿದಾಗಿಸಿಯೂ ಇಡದೆ, ಶೇಕಡಾ 30ರಿಂದ 60ರಷ್ಟು ಚಾರ್ಜಿನಲ್ಲಿ ತಂಪಾದ ಒಣ ಸ್ಥಳದಲ್ಲಿರಿಸಬೇಕು. ಅದಕ್ಕೆಂದೇ ಕೊಟ್ಟ ಚಾರ್ಜರನ್ನಲ್ಲದೆ ಬೇರೊಂದನ್ನು ಬಳಸಬಾರದು. ಬಿದ್ದು ಜಜ್ಜಿದ, ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಲೇಕೂಡದು. ಮನೆಯವರು ಮಲಗಿರುವಾಗ, ಹೊರಬಾಗಿಲ ದಾರಿಯಲ್ಲಿ ಚಾರ್ಜಿಗಿಡುವುದು ಅಪಾಯಕರ. ಆ ಬೆಂಕಿ ಹೊತ್ತಿದರೆ ನಂದಿಸುವುದು ಸುಲಭವಲ್ಲ.

ಸ್ವಿಚ್ ಒತ್ತುವಾಗ ಪೆಡಲಿನ ಮೇಲೆ ಪಾದವಿಡಬಾರದು. ಸಂವೇದಕವು ಆ ಭಾರವನ್ನೇ ಶೂನ್ಯವೆಂದು ತಪ್ಪಾಗಿ ಗ್ರಹಿಸೀತು. ನೆರವು ಹಠಾತ್ತಾಗಿ ನಿಂತರೆ ಹಿಂದಿನ ಚಕ್ರದ ಅಯಸ್ಕಾಂತವು ಸ್ಥಳದಿಂದ ಜರುಗಿದೆಯೇ ಎಂದು ನೋಡಬೇಕು. ಅನೇಕ ಸೈಕಲ್‌ಗಳಲ್ಲಿ ವೇಗವನ್ನು ಅಳೆಯಲು ಅದೇ ಆಧಾರ. ರಿಪೇರಿಗೆ ಮುನ್ನ ಬ್ಯಾಟರಿ ತೆಗೆಯಬೇಕು. ರಭಸದ ನೀರನ್ನು ಬೇರಿಂಗಿಗೂ ಮೋಟಾರಿಗೂ ಹಾಯಿಸದೆ, ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಉಪಸಂಹಾರ

ಪ್ರತಿ ಸವಾರಿಗೆ ಮುನ್ನ ಬ್ರೇಕು, ಗಾಳಿ, ಚಕ್ರದ ಬಿಗಿ. ಸವಾರಿಯ ಬಳಿಕ ಚೈನನ್ನು ಒರೆಸಿ ಎಣ್ಣೆ ಬಿಡುವುದು. ತಿಂಗಳಿಗೊಮ್ಮೆ ಚೈನಿನ ಅಳತೆ, ಪ್ಯಾಡಿನ ದಪ್ಪ, ಬೋಲ್ಟುಗಳ ಬಿಗಿ. ಇಷ್ಟನ್ನು ಬಿಡದೆ ನಡೆಸಿದರೆ ಉಳಿದುದನ್ನು ನುರಿತ ಮೆಕ್ಯಾನಿಕನಿಗೆ ವಹಿಸಬಹುದು. ಅಂದು ರಿಪ್ಯಾಕ್ ದಾರಿಯ ತರುಣರಿಗೆ ಹೊಗೆಯೇ ಎಚ್ಚರಿಕೆಯಾಗಿತ್ತು. ಇಂದಿನ ಯಂತ್ರ ಹೊಗೆಯಾಡುವುದಿಲ್ಲ, ನರಳುವುದೂ ಇಲ್ಲ. ಕೇಳದೆ ಹೇಳದ ಮಗುವನ್ನು ತಾಯಿ ಹಣೆಮುಟ್ಟಿ ನೋಡುವಂತೆ ಅದನ್ನು ನಾವೇ ಮುಟ್ಟಿ, ಅಳೆದು, ವಿಚಾರಿಸಬೇಕು.