ಛತ್ರದ ಕೊಳದ ಬಳಿ ಜಲಮಾಲಿನ್ಯದ ಪಾಠ: ಒಂದು ಬೋಧನಾನುಭವ

ಬೋಧನಾಭ್ಯಾಸದ ಎರಡನೆಯ ಹಂತದಲ್ಲಿ ನನಗೆ ಎಂಟನೆಯ ತರಗತಿಯ ಜಲಮಾಲಿನ್ಯದ ಪಾಠ ಬಂದಿತ್ತು. ಶಾಲೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಛತ್ರವಿದೆ. ಯಾತ್ರಿಕರು ತಂಗುತ್ತಾರೆ, ಮದುವೆಗಳೂ ನಡೆಯುತ್ತವೆ. ಅದರ ಹಿತ್ತಲಲ್ಲಿ ಕಲ್ಲುಮೆಟ್ಟಿಲಿನ ಚಿಕ್ಕ ಕೊಳ. ನೀರು ಕಾಣದಷ್ಟು ಅಂತರಗಂಗೆ. ಛತ್ರದವರು ಅದನ್ನು ಶುಚಿಗೊಳಿಸಲು ಹೊರಟಿದ್ದರು. ಚಾರ್ಟಿಗಿಂತ ಇದೇ ಒಳ್ಳೆಯ ಕಲಿಕೋಪಕರಣವೆಂದು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಪಾಠವನ್ನು ಅಲ್ಲಿಗೆ ಹೊಂದಿಸಿದೆ.

ಮೊದಲ ಅವಧಿ ತರಗತಿಯಲ್ಲೇ ನಡೆಯಿತು. ‘ಕೊಳ ಕೆಡಲು ಕಾರಣಗಳು’ ಎಂಬ ಕಲಿಕಾಂಶಕ್ಕೆ ಉತ್ತರಗಳನ್ನು ಪಾಠ ಯೋಜನೆಯಲ್ಲಿ ನಾನೇ ಬರೆದಿಟ್ಟುಕೊಂಡಿದ್ದೆ. ಕಪ್ಪುಹಲಗೆಯ ಮೇಲೆ ‘ಬಟ್ಟೆ ಒಗೆಯುವುದು’ ಎಂದು ಬರೆದ ಕೂಡಲೇ ಇಬ್ಬರು ಹುಡುಗರು ಒಬ್ಬ ಹುಡುಗಿಯ ಕಡೆ ತಿರುಗಿ ನಕ್ಕರು. ಛತ್ರದ ಹಾಸು ಹೊದಿಕೆಗಳನ್ನು ಆ ಕೊಳದ ಕಲ್ಲಿನ ಮೇಲೆ ಒಗೆಯುವವರು ಅವಳ ತಾಯಿ ಎಂಬುದು ನನಗೆ ಗೊತ್ತಿರಲಿಲ್ಲ. ಆ ಅವಧಿ ಮುಗಿಯುವವರೆಗೂ ಅವಳು ತಲೆ ಎತ್ತಲಿಲ್ಲ. ನನ್ನ ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಮೇಡಂ ಬರೆದದ್ದು ಒಂದೇ ಸಾಲು: ‘ಅಳೆದು ನೋಡಿದ್ದೀರಾ?’

ಅಳೆದಿರಲಿಲ್ಲ. ಮರುದಿನ ಒಂದು ಸ್ಟೀಲ್ ತಟ್ಟೆಯನ್ನು ನಾಲ್ಕು ಭಾಗ ಮಾಡಿ ಒಂದು ಬಿಟ್ಟು ಒಂದಕ್ಕೆ ಕಪ್ಪು, ಬಿಳಿ ಬಣ್ಣ ಬಳಿದು, ಕಲ್ಲು ಕಟ್ಟಿ ಹಗ್ಗಕ್ಕೆ ಬಿಗಿದೆವು. ನೀರಿನ ಪಾರದರ್ಶಕತೆ ಅಳೆಯಲು ಇಟಲಿಯ ಸೆಕ್ಕಿ ಎಂಬ ವಿಜ್ಞಾನಿ 1865ರಲ್ಲಿ ಬಿಳಿ ತಟ್ಟೆ ಬಳಸಿದ್ದರು. ಮಕ್ಕಳು ಒಣಗಿದ ಮೇಲಿನ ಮೆಟ್ಟಿಲಲ್ಲೇ ನಿಂತು, ಬಿದಿರಿನ ತುದಿಯಿಂದ ತಟ್ಟೆ ಇಳಿಸಬೇಕೆಂದು ಕಟ್ಟುನಿಟ್ಟು ಮಾಡಿದ್ದೆ. ಒಗೆಯುವ ಕಲ್ಲಿನ ಬಳಿ ತಟ್ಟೆ ಎರಡು ಗೇಣಿನವರೆಗೆ ಕಂಡಿತು. ಅಡುಗೆಮನೆಯ ಮೂಲೆಯಲ್ಲಿ ಅರ್ಧ ಗೇಣಿಗೇ ಮಾಯ. ಅಲ್ಲಿ ಕೋಲಿನಿಂದ ಅಂತರಗಂಗೆ ಸರಿಸಿದರೆ ಅಡುಗೆಮನೆಯ ಬಚ್ಚಲು ಕೊಳವೆ! ಅನ್ನದ ಗಂಜಿ, ಸಾರಿನ ಜಿಡ್ಡು ನೇರ ಕೊಳಕ್ಕೆ.

ಕದಡಿದ ನೀರೆಲ್ಲ ಮಲಿನ, ತಿಳಿನೀರೆಲ್ಲ ಶುದ್ಧ ಎಂದು ಈ ತಟ್ಟೆ ಹೇಳುವುದಿಲ್ಲ. ಸಾಬೂನು ನೀರಿನದೂ ಪಾಲಿದೆ. ಇದನ್ನು ಮಕ್ಕಳಿಗೆ ವಿವರಿಸುತ್ತಿದ್ದಾಗ ಆ ಹುಡುಗಿ ಮೊದಲ ಬಾರಿ ಬಾಯಿಬಿಟ್ಟಳು: ‘ಮಿಸ್, ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತವೆ. ಮಧ್ಯಾಹ್ನ ಬರಲ್ಲ.’ ಅಮ್ಮನ ಜೊತೆ ಮುಂಜಾನೆ ಬರುವ ಅವಳಿಗಷ್ಟೇ ಗೊತ್ತಿದ್ದ ವಿಷಯ. ನನ್ನ ಯೋಜನೆಯಲ್ಲಿ ಎಲ್ಲೂ ಇರದ ಪಾಠ ಅಲ್ಲಿಂದ ಶುರುವಾಯಿತು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 7.5 ಮಿಲಿಗ್ರಾಂ. ಅನ್ನ, ಜಿಡ್ಡು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಅದನ್ನು ಬಳಸಿಕೊಳ್ಳುತ್ತವೆ. ಅಂತರಗಂಗೆಯ ಹೊದಿಕೆ ಬೆಳಕನ್ನು ತಡೆಯುವುದರಿಂದ ನೀರೊಳಗಿನ ಸಸ್ಯಗಳು ಆಮ್ಲಜನಕ ತಯಾರಿಸಲಾರವು. ರಾತ್ರಿಯಂತೂ ದ್ಯುತಿಸಂಶ್ಲೇಷಣೆಯೇ ಇಲ್ಲ, ಉಸಿರಾಟ ಮಾತ್ರ. ಹಾಗಾಗಿ ಸೂರ್ಯೋದಯಕ್ಕೆ ಮುಂಚೆಯೇ ಕೊರತೆ ಹೆಚ್ಚು. ಈ ಕೊನೆಯ ಹೆಜ್ಜೆಯನ್ನು ಮಕ್ಕಳೇ ಹೇಳಿದರು.

ಛತ್ರದ ಮೇಲ್ವಿಚಾರಕರು ಬ್ಲೀಚಿಂಗ್ ಪುಡಿಯ ಚೀಲ ತರಿಸಿಟ್ಟಿದ್ದರು. ಕ್ಲೋರಿನ್ ಮೀನುಗಳನ್ನೇ ಕೊಲ್ಲುತ್ತದೆ ಎಂದು ಮಕ್ಕಳು ವಿವರಿಸಿದ ಮೇಲೆ ಚೀಲ ಉಗ್ರಾಣ ಸೇರಿತು. ಆಳುಗಳು ನೀರಿಗಿಳಿದು ಅಂತರಗಂಗೆಯನ್ನು ಎರಡು ವಾರದಲ್ಲಿ ಹಂತ ಹಂತವಾಗಿ ಎಳೆದರು. ಮೊದಲ ದಿನ ಅದನ್ನು ದಡದಲ್ಲೇ ಗುಡ್ಡೆ ಹಾಕಿಸಿದ್ದು ನನ್ನ ತಪ್ಪು. ರಾತ್ರಿ ಮಳೆಗೆ ಅದರ ಕಪ್ಪು ರಸ ಮತ್ತೆ ಕೊಳಕ್ಕೇ ಇಳಿಯಿತು. ಆಮೇಲೆ ಗೊಬ್ಬರದ ಗುಂಡಿಗೆ ಸಾಗಿಸಿದೆವು. ಹೂಳೆತ್ತುವುದನ್ನು ಬೇಸಿಗೆಗೆ ಬಿಡಲಾಯಿತು.

ಬಚ್ಚಲು ಕೊಳವೆಯನ್ನು ಬಾಳೆಗಿಡಗಳ ಕಡೆ ಇಂಗುಗುಂಡಿಗೆ ತಿರುಗಿಸಲು ಮೇಲ್ವಿಚಾರಕರು ಒಪ್ಪಿದರು, ಆದರೆ ಎರಡು ಮದುವೆಗಳು ಮುಗಿದ ಮೇಲೆ. ಒಗೆಯುವ ಕಲ್ಲಿನ ಬಗ್ಗೆ ನಾನು ಹಿಂಜರಿಯುತ್ತ ಕೇಳಿದಾಗ ಆ ತಾಯಿ ಹೇಳಿದ್ದು: ‘ಹಿತ್ತಲಲ್ಲಿ ಒಂದು ನಲ್ಲಿ ಹಾಕಿಸಿಕೊಟ್ರೆ ನಾನ್ಯಾಕೆ ಕೊಳಕ್ಕೆ ಹೋಗ್ಲಿ, ಮೇಡಮ್ಮೋರೇ?’ ನಲ್ಲಿ ಇನ್ನೂ ಬಂದಿಲ್ಲ.

ಪಾಠ ಯೋಜನೆಯ ಆ ಪುಟವನ್ನು ತಿದ್ದಿದ್ದೇನೆ. ಕಾರಣಗಳ ಜಾಗ ಈಗ ಖಾಲಿ. ಅಳತೆಯ ನಂತರ ಮಕ್ಕಳೇ ತುಂಬಬೇಕು. ಶನಿವಾರಗಳಂದು ಒಂದು ಗುಂಪು ತಟ್ಟೆ ಇಳಿಸಿ ವಹಿಯಲ್ಲಿ ಬರೆಯುತ್ತದೆ, ಹೊಸ ಅಂತರಗಂಗೆ ಕಂಡರೆ ಛತ್ರದವರಿಗೆ ತಿಳಿಸುತ್ತದೆ. ಕೊಳವೆ ತಿರುಗಿಸಿದ ಮೂರನೆಯ ಶನಿವಾರ ಅಡುಗೆಮನೆಯ ಮೂಲೆಯಲ್ಲಿ ತಟ್ಟೆ ಒಂದು ಗೇಣಿನವರೆಗೆ ಕಂಡಿತು. ಅಷ್ಟರಲ್ಲಿ ನನ್ನ ಬೋಧನಾಭ್ಯಾಸ ಮುಗಿಯಿತು. ತಟ್ಟೆಯನ್ನೂ ವಹಿಯನ್ನೂ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ ಬಂದೆ.